ಚದುರಂಗ ಬಲ್ಲವರೆಲ್ಲ ಚದುರರೆ?

ನಮ್ಮ ಹಾಸ್ಟೆಲಿನಲ್ಲಿ ಒಂದು ಹಳೆಯ ಚೆಸ್ ಬೋರ್ಡಿದೆ. ಕಪ್ಪು ಬಣದ ಒಂದು ಆನೆ ಕಳೆದುಹೋಗಿ, ಅದರ ಜಾಗದಲ್ಲಿ ನೀರಿನ ಬಾಟಲಿಯ ಮುಚ್ಚಳ ನಿಂತು ವರ್ಷಗಳಾಗಿವೆ. ಎರಡು ವರ್ಷದ ಹಿಂದೆ ಒಂದು ಭಾನುವಾರ ಮಧ್ಯಾಹ್ನ ನಾವು ಆಡುತ್ತಿದ್ದಾಗ, ಮೆಸ್ಸಿನಲ್ಲಿ ಬಡಿಸುವ ಅಣ್ಣ ಟೇಬಲ್ ಒರೆಸುತ್ತಾ ಬಂದವರು ಒಂದು ಕ್ಷಣ ನಿಂತು ನೋಡಿ, "ಸಾರ್, ಆ ಕುದುರೆ ಹೋಯ್ತು" ಅಂದರು. ಮೂರು ನಡೆಗಳಲ್ಲಿ ಕುದುರೆ ಹೋಯಿತು. ಆಮೇಲೆ ಅವರನ್ನೇ ಆಟಕ್ಕೆ ಕೂರಿಸಿದೆವು. ಸಂಜೆಯ ಹೊತ್ತಿಗೆ ಅರ್ಥಶಾಸ್ತ್ರದವನು, ಗಣಿತದವನು, ರಸಾಯನಶಾಸ್ತ್ರದವನು, ಕನ್ನಡದವನಾದ ನಾನು, ನಾಲ್ವರೂ ಸೋತಿದ್ದೆವು. ಆಟದಲ್ಲಿ ಸೋತದ್ದು ದೊಡ್ಡ ವಿಷಯವಲ್ಲ. ಅವತ್ತು ರಾತ್ರಿ ಊಟದ ಸಾಲಿನಲ್ಲಿ ನಿಂತಾಗ ನನ್ನ ಬಾಯಿಂದ ಬಂದ ಮಾತು ಮಾತ್ರ ಈಗಲೂ ಕಿವಿಯಲ್ಲಿದೆ: "ಈ ಮನುಷ್ಯನಿಗೆ ಇಷ್ಟು ಬುದ್ಧಿ ಇದೆಯಲ್ಲ, ಇಲ್ಲಿ ಯಾಕೆ ಸಾಂಬಾರ್ ಬಡಿಸ್ತಿದಾರೆ?" ಅವರು ಎರಡು ಹೆಜ್ಜೆ ಆಚೆ ನಿಂತಿದ್ದರು. ಕೇಳಿಸಿತೋ ಇಲ್ಲವೋ ತಿಳಿಯದು. ನನ್ನ ತಟ್ಟೆಗೆ ಬಿದ್ದ ಸಾಂಬಾರು ಎಂದಿನಷ್ಟೇ ಇತ್ತು.

ನಾನು ಆಡಿದ್ದು ಮೆಚ್ಚುಗೆಯ ಮಾತೆಂದೇ ಆಗ ಅಂದುಕೊಂಡಿದ್ದೆ. ಆಮೇಲೆ ಬಿಡಿಸಿ ನೋಡಿದರೆ ಅದರೊಳಗೆ ಎರಡು ನಂಬಿಕೆಗಳಿದ್ದವು. ಚದುರಂಗದಲ್ಲಿ ಗೆಲ್ಲುವವನು ಬುದ್ಧಿವಂತ ಎಂಬುದು ಮೊದಲನೆಯದು. ಬುದ್ಧಿವಂತನಾದವನು ಬದುಕಿನಲ್ಲಿ ಮೇಲೆ ಬಂದೇ ಬರುತ್ತಾನೆ ಎಂಬುದು ಎರಡನೆಯದು. ಎರಡನ್ನೂ ಸೇರಿಸಿದರೆ, ಬಡಿಸುತ್ತಿರುವವನಿಗೆ ಬುದ್ಧಿ ಇರಲಾರದು ಎಂಬ ಮೂರನೆಯದೊಂದು ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ನನ್ನ ಆಶ್ಚರ್ಯ ಹುಟ್ಟಿದ್ದು ಆ ಮೂರನೆಯದರಿಂದ. ಸಾಹಿತ್ಯ ಓದುವುದನ್ನೇ ಕಸುಬಾಗಿಸಿಕೊಂಡವನಾದ್ದರಿಂದ, ಈ ಆಶ್ಚರ್ಯ ನನಗೆ ಎಲ್ಲಿಂದ ಬಂತು, ಚದುರಂಗದ ಬಗ್ಗೆ ಬರೆದ ದೊಡ್ಡ ಲೇಖಕರು ಇದನ್ನು ಹೇಗೆ ನಡೆಸಿಕೊಂಡಿದ್ದಾರೆ ಎಂದು ಹುಡುಕಹೊರಟೆ. ಈ ಬರಹ ಆ ಹುಡುಕಾಟದ ಫಲ.

ಕನ್ನಡದ ಕಿವಿಗೆ ಮೊದಲನೆಯ ನಂಬಿಕೆ ಸುಲಭವಾಗಿ ಒಗ್ಗುತ್ತದೆ. ಚದುರ ಎಂದರೆ ಜಾಣ, ನಿಪುಣ. ಚದುರಂಗ ಎಂದೊಡನೆ ಚದುರರ ಆಟ ಎನಿಸಿಬಿಡುತ್ತದೆ. ಆದರೆ ಎರಡರ ಬೇರು ಬೇರೆ. ಚದುರ ಬಂದದ್ದು 'ಚತುರ' ಎಂಬ ಮಾತಿನಿಂದ. ಚದುರಂಗ ಬಂದದ್ದು 'ಚತುರಂಗ'ದಿಂದ, ಅಂದರೆ ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆಯಿಂದ. ಆಟದ ಹೆಸರಿನಲ್ಲಿ ಇರುವುದು ಬರೀ ಲೆಕ್ಕ; ಜಾಣತನವನ್ನು ಅಲ್ಲಿ ಕೇಳಿಸಿಕೊಂಡವರು ನಾವು. ನಮ್ಮ ಪತ್ರಿಕೆಗಳ ರಾಜಕೀಯ ವರದಿಗಳಲ್ಲಿ ಇನ್ನೊಂದು ವಿಚಿತ್ರವಿದೆ. 'ಅಧಿಕಾರದ ಚದುರಂಗದಾಟದಲ್ಲಿ ನಾಯಕರು ದಾಳ ಉರುಳಿಸಿದರು' ಎಂಬ ಧಾಟಿಯ ವಾಕ್ಯಗಳು ಅಲ್ಲಿ ಸಾಮಾನ್ಯ. ದಾಳ ಹಾಕಿ ನಾಲ್ವರು ಆಡುವ ಚತುರಂಗವೊಂದು ಹಿಂದೆ ಇತ್ತು, ಅಲ್ ಬಿರೂನಿ ಅದನ್ನು ವರ್ಣಿಸಿದ್ದಾನೆ. ವರದಿಗಾರರ ಮನಸ್ಸಿನಲ್ಲಿರುವುದು ಅದಂತೂ ಅಲ್ಲ. ನಾವು ಇಂದು ಆಡುವ ಚದುರಂಗದಲ್ಲಿ ದಾಳಕ್ಕೆ ಜಾಗವಿಲ್ಲ, ದಾಳ ಪಗಡೆಯದು. ಈ ಕಲಬೆರಕೆಯನ್ನು ನೋಡಿ ನಾನೂ ನಗುತ್ತಿದ್ದೆ. ಈಗ ಅದರಲ್ಲೊಂದು ತಿಳಿವಳಿಕೆ ಇದೆ ಅನ್ನಿಸುತ್ತಿದೆ. ಏಕೆಂದು ಕೊನೆಯಲ್ಲಿ ಹೇಳುತ್ತೇನೆ.

ಸಾಹಿತ್ಯಕ್ಕೆ ಹೋಗುವ ಮುನ್ನ ಮನಶ್ಶಾಸ್ತ್ರಜ್ಞರು ಏನು ಕಂಡುಕೊಂಡಿದ್ದಾರೆಂದು ಚಿಕ್ಕದಾಗಿ ನೋಡಿಬಿಡೋಣ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಒಂದು ಪ್ರಯೋಗ ಪ್ರಕಟಿಸಿದರು. ನಿಜವಾದ ಆಟವೊಂದರ ನಡುವಿನ ಸ್ಥಿತಿಯನ್ನು ಐದು ಸೆಕೆಂಡು ತೋರಿಸಿದರೆ, ನುರಿತ ಆಟಗಾರ ಬಹುಪಾಲು ಕಾಯಿಗಳನ್ನು ನೆನಪಿನಿಂದಲೇ ಮತ್ತೆ ಜೋಡಿಸುತ್ತಾನೆ, ಹೊಸಬ ಕೆಲವನ್ನಷ್ಟೇ. ಅದೇ ಕಾಯಿಗಳನ್ನು ಹೇಗೆಂದರೆ ಹಾಗೆ ಹರಡಿ ತೋರಿಸಿದರೆ, ನುರಿತವನ ಮೇಲುಗೈ ಬಹುತೇಕ ಮಾಯವಾಗುತ್ತದೆ. ಅಂದರೆ ಅವನಲ್ಲಿ ಇದ್ದದ್ದು ಎಲ್ಲಕ್ಕೂ ಒದಗುವ ಅಸಾಮಾನ್ಯ ಜ್ಞಾಪಕಶಕ್ತಿಯಲ್ಲ. ಸಾವಿರಾರು ಆಟಗಳಿಂದ ಕಣ್ಣಿಗೆ ಹತ್ತಿದ ವಿನ್ಯಾಸಗಳ ಪರಿಚಯ. ನಮ್ಮ ಕಾವ್ಯದ ಓದಿನಲ್ಲೂ ಇಂಥದ್ದೇ ನಡೆಯುತ್ತದೆ. ಷಟ್ಪದಿಯ ನಡಿಗೆ ಬಲ್ಲವನಿಗೆ ಪದ್ಯವೊಂದು ಬೇಗ ಬಾಯಿಗೆ ಬರುತ್ತದೆ, ದಿನಸಿ ಅಂಗಡಿಯ ಪಟ್ಟಿ ಬರುವುದಿಲ್ಲ.

ಚದುರಂಗಕ್ಕೂ ಬುದ್ಧಿಶಕ್ತಿಗೂ ನಂಟೇ ಇಲ್ಲವೆ? ಇದೆ, ಸ್ವಲ್ಪ. ಈ ಬಗೆಗಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ ಬುದ್ಧಿಪರೀಕ್ಷೆಯ ಅಂಕಕ್ಕೂ ಆಟದ ಮಟ್ಟಕ್ಕೂ ನಡುವಿನ ಸಹಸಂಬಂಧ ಸುಮಾರು 0.24 ಎಂದು ಕಂಡುಬಂತು. ಆಟಗಾರರ ನಡುವಿನ ವ್ಯತ್ಯಾಸದಲ್ಲಿ ನೂರಕ್ಕೆ ಆರರಷ್ಟನ್ನು ಮಾತ್ರ ಇದು ವಿವರಿಸಬಲ್ಲದು. ಅದೂ ಮಕ್ಕಳಲ್ಲಿ, ಆರಂಭದ ಹಂತದವರಲ್ಲಿ ಹೆಚ್ಚು. ಮೇಲಿನ ಹಂತಕ್ಕೆ ಹೋದಂತೆ ಕಡಿಮೆ. ಅದೇ ವರ್ಷ ಇಂಗ್ಲೆಂಡಿನಲ್ಲಿ ನೂರು ಶಾಲೆಗಳನ್ನು ಒಳಗೊಂಡು ನಡೆದ ಪ್ರಯೋಗವೊಂದರ ಫಲಿತಾಂಶವೂ ಹೊರಬಂತು: ಶಾಲೆಯಲ್ಲಿ ಚೆಸ್ ಕಲಿತ ಮಕ್ಕಳು ಒಂದು ವರ್ಷದ ನಂತರ ಗಣಿತದಲ್ಲಿ ಉಳಿದವರಿಗಿಂತ ಮುಂದಿರಲಿಲ್ಲ. ಚೆಸ್ ಕಲಿತರೆ ಮಗುವಿನ ಮೆದುಳು ಚುರುಕಾಗುತ್ತದೆ ಎಂದು ಬೀದಿ ಬೀದಿಯಲ್ಲಿ ಫಲಕ ನೇತುಹಾಕುವವರು ಓದಬೇಕಾದ ಫಲಿತಾಂಶವಿದು. ಮಗು ಚೆಸ್ ಕಲಿತರೆ ಚೆಸ್ ಬರುತ್ತದೆ. ಅದೇನು ಕಡಿಮೆಯದಲ್ಲ.

ಇಷ್ಟು ಸಾಕ್ಷ್ಯವಿದ್ದೂ ನಂಬಿಕೆ ಅಲುಗಾಡದಿರುವುದಕ್ಕೆ ಕಾರಣವನ್ನು ಪ್ರಯೋಗಾಲಯಕ್ಕಿಂತ ಕಥೆಗಳಲ್ಲಿ ಹುಡುಕುವುದು ಮೇಲು. 1786ರಲ್ಲೇ ಬೆಂಜಮಿನ್ ಫ್ರಾಂಕ್ಲಿನ್ ಚದುರಂಗದ ನೀತಿಗಳ ಬಗ್ಗೆ ಪ್ರಬಂಧ ಬರೆದು, ಮುಂದಾಲೋಚನೆ, ಸುತ್ತೆಲ್ಲ ಕಣ್ಣಿಡುವುದು, ಎಚ್ಚರ ಇವೆಲ್ಲ ಈ ಆಟದಿಂದ ಬದುಕಿಗೆ ದಕ್ಕುತ್ತವೆ ಎಂದಿದ್ದ. ಇಪ್ಪತ್ತನೆಯ ಶತಮಾನದ ಕಥೆಗಾರರು ಆ ಮಾತನ್ನು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ನಬೊಕೊವ್‌ನ 1930ರ ಕಾದಂಬರಿಯ ನಾಯಕ ಲೂಜಿನ್‌ಗೆ ಚದುರಂಗದಲ್ಲಿ ಕಾಣುವ ಕಣ್ಣು ಬದುಕಿಗೆ ಬಂದಾಗ ಶಾಪವಾಗುತ್ತದೆ. ದಿನನಿತ್ಯದ ಘಟನೆಗಳೆಲ್ಲ ಯಾರೋ ತನ್ನ ವಿರುದ್ಧ ಹೂಡಿದ ನಡೆಗಳಾಗಿ ಕಂಡು, ಕೊನೆಗೆ ಕಿಟಕಿಯಿಂದ ಹಾರುತ್ತಾನೆ. ಆದರೆ ನನ್ನ ಪ್ರಶ್ನೆಗೆ ಹೆಚ್ಚು ಹತ್ತಿರವಾದದ್ದು ಸ್ಟೆಫಾನ್ ಜ್ವೈಗ್‌ನ ಚದುರಂಗದ ಕಥೆ. ನಾಜಿಗಳಿಂದಾಗಿ ನಾಡು ಬಿಟ್ಟು ಬ್ರೆಜಿಲ್ ಸೇರಿದ್ದ ಜ್ವೈಗ್ ಅಲ್ಲಿ ಬರೆದ ಈ ನೀಳ್ಗತೆ, 1942ರಲ್ಲಿ ಅವನು ತೀರಿಕೊಂಡ ನಂತರ ಪ್ರಕಟವಾಯಿತು.

ನ್ಯೂಯಾರ್ಕಿನಿಂದ ಬ್ಯೂನಸ್ ಐರಿಸ್‌ಗೆ ಹೊರಟ ಹಡಗಿನಲ್ಲಿ ಕಥೆ ನಡೆಯುತ್ತದೆ. ಅಲ್ಲಿರುವ ವಿಶ್ವ ಚಾಂಪಿಯನ್ ಚೆಂಟೋವಿಚ್, ಡ್ಯಾನ್ಯೂಬ್ ನದಿಯ ಬಡ ದೋಣಿಗಾರನ ಮಗ. ಅಪ್ಪ ತೀರಿಕೊಂಡ ಮೇಲೆ ಊರ ಪಾದ್ರಿ ಸಾಕಿದ. ಓದು ಹತ್ತಲಿಲ್ಲ, ಹದಿನಾಲ್ಕಕ್ಕೂ ಬೆರಳು ಮಡಿಸಿ ಲೆಕ್ಕ ಹಾಕಬೇಕು, ಯಾವ ಭಾಷೆಯಲ್ಲೂ ಒಂದು ವಾಕ್ಯ ತಪ್ಪಿಲ್ಲದೆ ಬರೆಯಲಾರ. ಪಾದ್ರಿಯ ಆಟ ಅರ್ಧಕ್ಕೆ ನಿಂತ ಒಂದು ರಾತ್ರಿ, ಮೂಲೆಯಲ್ಲಿ ಕುಳಿತು ನೋಡುತ್ತಿದ್ದ ಈ ಹುಡುಗನನ್ನು ತಮಾಷೆಗೆ ಕರೆದರೆ ಅವನು ಗೆದ್ದುಬಿಡುತ್ತಾನೆ. ಇವನೆದುರು ಕೂರುವವನು ಡಾಕ್ಟರ್ ಬಿ. ವಿಯೆನ್ನಾದ ಹಳೆಯ ಮನೆತನದ, ಸುಸಂಸ್ಕೃತ ವಕೀಲ. ಗೆಸ್ಟಾಪೋದವರು ಇವನನ್ನು ಹೋಟೆಲ್ ಕೋಣೆಯೊಂದರಲ್ಲಿ ಒಂಟಿಯಾಗಿ, ಪುಸ್ತಕ, ಕಾಗದ, ಮಾತು ಏನೂ ಇಲ್ಲದೆ ತಿಂಗಳುಗಟ್ಟಲೆ ಇಟ್ಟಿದ್ದರು. ಕದ್ದ ಒಂದು ಪುಸ್ತಕದಲ್ಲಿದ್ದ ನೂರೈವತ್ತು ಆಟಗಳನ್ನು ಬಾಯಿಪಾಠ ಮಾಡಿ, ಆಮೇಲೆ ತನ್ನ ವಿರುದ್ಧ ತಾನೇ ಮನಸ್ಸಿನಲ್ಲಿ ಆಡುತ್ತಾ ಅವನು ಹುಚ್ಚಿನ ಅಂಚಿಗೆ ಹೋಗಿ ಬಂದಿದ್ದ.

ಈ ಕಥೆಯನ್ನು ಸಂಸ್ಕೃತಿಗೂ ಬರ್ಬರತೆಗೂ ನಡುವಿನ ಹೋರಾಟವೆಂದು ಓದುವ ರೂಢಿ ಇದೆ. ಬರೆದವನ ಸ್ಥಿತಿ ನೆನೆದರೆ ಆ ಓದು ನ್ಯಾಯವಾದದ್ದೇ. ಆದರೆ ಮೆಸ್ಸಿನ ಆ ಸಂಜೆಯ ಮೇಲೆ ಮತ್ತೆ ಓದಿದಾಗ ನನ್ನನ್ನು ಕಾಡಿದ್ದು ನಿರೂಪಕನ ದನಿ. ಚೆಂಟೋವಿಚ್‌ನ ಬಗ್ಗೆ ಮಾತಾಡುವಾಗಲೆಲ್ಲ ಅವನ ದನಿಯಲ್ಲಿ ಊಟದ ಸಾಲಿನಲ್ಲಿ ಕೇಳಿದ ನನ್ನದೇ ದನಿ ಇತ್ತು. ಓದು ಬಾರದ ಹಳ್ಳಿಯವನೊಬ್ಬ ಇಂಥ ಆಟವನ್ನು ಗೆದ್ದದ್ದು ಹೇಗೆ ಎಂಬ ಬೆರಗು, ಬೆರಗಿನ ಹಿಂದೆಯೇ ಇದು ಸಲ್ಲದು ಎಂಬ ಕಿರಿಕಿರಿ. ಚೆಂಟೋವಿಚ್ ಹಣಕ್ಕೆ ಆಡುತ್ತಾನೆ ಎಂದು ನಿರೂಪಕ ಮೂಗು ಮುರಿಯುತ್ತಾನೆ. ದೋಣಿಗಾರನ ಅನಾಥ ಮಗ ತನಗೆ ಬರುವ ಒಂದೇ ವಿದ್ಯೆಗೆ ಬೆಲೆ ಕಟ್ಟಿದರೆ ಅದರಲ್ಲಿ ಹೀನವಾದದ್ದೇನಿದೆ? ಮನೆತನದ ಆಸ್ತಿಯಿದ್ದವನು ಮಾತ್ರ ಆಟವನ್ನು ಆಟವೆಂದು ಆಡಬಲ್ಲ.

ಕೊನೆಯ ಆಟವನ್ನು ನೋಡಿ. ಮೊದಲ ಪಂದ್ಯದಲ್ಲಿ ಸೋತ ಚೆಂಟೋವಿಚ್, ಎರಡನೆಯದರಲ್ಲಿ ಪ್ರತಿ ನಡೆಗೂ ಇರುವ ಹತ್ತು ನಿಮಿಷವನ್ನೂ ಪೂರ್ತಿ ಬಳಸತೊಡಗುತ್ತಾನೆ. ಕಾಯುವುದೇ ಡಾಕ್ಟರ್ ಬಿ.ಯ ಹಳೆಯ ಗಾಯ ಎಂಬುದು ಅವನಿಗೆ ಗೊತ್ತಿಲ್ಲ. ಆದರೆ ಎದುರಿಗಿರುವವನು ಕಾಯಲಾರ ಎಂಬುದು ಕಣ್ಣಿಗೆ ಬಿದ್ದಿದೆ. ಡಾಕ್ಟರ್ ಬಿ. ಚಡಪಡಿಸಿ, ಮನಸ್ಸಿನಲ್ಲಿ ಬೇರೆಯದೇ ಆಟಕ್ಕೆ ಜಾರಿ, ಇಲ್ಲದ ಶಹ ಕೊಟ್ಟು, ನಾಚಿ ಎದ್ದುಹೋಗುತ್ತಾನೆ. ನಿರೂಪಕನಿಗೆ ಚೆಂಟೋವಿಚ್‌ನ ನಿಧಾನದಲ್ಲಿ ಕಾಣುವುದು ದುಷ್ಟತನ ಮಾತ್ರ. ನನಗೆ ಅದರಲ್ಲಿ ಬುದ್ಧಿಯೂ ಕಾಣುತ್ತದೆ. ಇಡೀ ಕಥೆಯಲ್ಲಿ ಎದುರಿನ ಮನುಷ್ಯನನ್ನು ಸರಿಯಾಗಿ ಓದಿದವನು 'ಬುದ್ಧಿಯಿಲ್ಲದ' ಈ ಚೆಂಟೋವಿಚ್ ಒಬ್ಬನೇ. ಇಷ್ಟು ಸೂಕ್ಷ್ಮವಾದ ಲೇಖಕನೂ ಇದನ್ನು ಬುದ್ಧಿ ಎಂದು ಕರೆಯಲು ಹಿಂಜರಿದದ್ದಕ್ಕೆ, ಬುದ್ಧಿ ಎಂಬ ಮಾತನ್ನು ನಾವು ಪುಸ್ತಕ ಓದಿದವರಿಗಾಗಿ ಮೊದಲೇ ಕಾದಿರಿಸಿರುವುದು ಕಾರಣ ಎಂದು ನನ್ನ ಭಾವನೆ.

ಕಥೆಯ ಚೆಂಟೋವಿಚ್‌ನನ್ನು ನೆನಪಿಸುವ ಮನುಷ್ಯರೊಬ್ಬರು ಇತಿಹಾಸದಲ್ಲೂ ಇದ್ದರು, ಅದೂ ನಮ್ಮ ಉಪಖಂಡದಲ್ಲಿ. ಪಂಜಾಬಿನ ಮೀರ್ ಸುಲ್ತಾನ್ ಖಾನ್ 1929ರಲ್ಲಿ ಜಮೀನ್ದಾರ ಸರ್ ಉಮರ್ ಹಯಾತ್ ಖಾನ್ ಅವರ ಜೊತೆ ಲಂಡನ್ನಿಗೆ ಹೋದರು. ಅವರು ಕಲಿತದ್ದು ಭಾರತೀಯ ಪದ್ಧತಿಯ ಆಟ, ಯುರೋಪಿನ ನಿಯಮಗಳು ಹೊಸವು, ಇಂಗ್ಲಿಷಿನ ಚೆಸ್ ಪುಸ್ತಕಗಳು ಕೈಗೆಟುಕವು. ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. 1932, 1933ರಲ್ಲಿ ಮತ್ತೆ ಆದರು. ನಡುವೆ ಹೇಸ್ಟಿಂಗ್ಸ್‌ನಲ್ಲಿ ಹಿಂದಿನ ವಿಶ್ವ ಚಾಂಪಿಯನ್ ಕಪಬ್ಲಾಂಕಾನನ್ನು ಸೋಲಿಸಿದರು. ಅಮೆರಿಕದ ಆಟಗಾರ ರೂಬೆನ್ ಫೈನ್ ಒಂದು ಪ್ರಸಂಗ ಬರೆದಿದ್ದಾನೆ: ಅಮೆರಿಕದ ತಂಡವನ್ನು ಉಮರ್ ಹಯಾತ್ ಖಾನ್ ಊಟಕ್ಕೆ ಕರೆದಾಗ, ಅತಿಥಿಗಳಿಗೆ ಬಡಿಸಿದವರು ಸುಲ್ತಾನ್ ಖಾನ್. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟೆ.

1933ರ ಕೊನೆಗೆ ಯಜಮಾನರು ಭಾರತಕ್ಕೆ ಮರಳಿದರು, ಸುಲ್ತಾನ್ ಖಾನ್ ಕೂಡ ಮರಳಿದರು. ಅಲ್ಲಿಗೆ ಅಂತಾರಾಷ್ಟ್ರೀಯ ಆಟ ಮುಗಿಯಿತು. ಬೇಸಾಯ ಮಾಡಿಕೊಂಡಿದ್ದು 1966ರಲ್ಲಿ ತೀರಿಕೊಂಡರು. ವಿಶ್ವ ಚೆಸ್ ಸಂಸ್ಥೆ ಗೌರವ ಗ್ರ್ಯಾಂಡ್ ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ. ಪಾಶ್ಚಾತ್ಯ ಬರಹಗಳು ದಶಕಗಳ ಕಾಲ ಅವರನ್ನು ಅಕ್ಷರ ಬಾರದ ಸೇವಕನೆಂದು ಚಿತ್ರಿಸಿದವು. ಆ ಚಿತ್ರ ಸರಿಯಲ್ಲವೆಂದು ಅವರ ಮೊಮ್ಮಗಳು ಇತ್ತೀಚೆಗೆ ಆಕ್ಷೇಪಿಸಿದ್ದಾರೆ. ಆಕ್ಷೇಪದ ಹಿಂದಿನ ನೋವು ನನಗೆ ಅರ್ಥವಾಗುತ್ತದೆ. 'ಅಕ್ಷರ ಬಾರದ ಪ್ರತಿಭೆ' ಎಂಬ ಹೊಗಳಿಕೆಯಲ್ಲಿ ಹೊಗಳುವವನ ಮನೆಯೇ ದೊಡ್ಡದಾಗಿ ಕಾಣುತ್ತದೆ. ಸುಲ್ತಾನ್ ಖಾನ್‌ಗೆ ಬುದ್ಧಿ ಇತ್ತೇ ಎಂದು ಕೇಳುವುದು ಅನಗತ್ಯ. ಲಂಡನ್ನಿಗೆ ಹೋಗುವ ಟಿಕೆಟ್ ಯಾರ ಕೈಯಲ್ಲಿತ್ತು, ಹಿಂದಿರುಗುವ ದಿನವನ್ನು ನಿರ್ಧರಿಸಿದವರು ಯಾರು ಎಂದು ಕೇಳಿದರೆ ಅವರ ಬದುಕಿನ ತಿರುವುಗಳು ತಿಳಿಯುತ್ತವೆ.

ಇನ್ನು ಇದಕ್ಕೆ ವಿರುದ್ಧ ದಿಕ್ಕಿನ ಕಥೆ. ಪ್ರೇಮಚಂದರ 'ಶತರಂಜ್ ಕೇ ಖಿಲಾಡಿ' 1924ರದು. ಕಾಲ 1856ರ ಸುತ್ತ, ಸ್ಥಳ ಲಖನೌ. ಮಿರ್ಜಾ ಸಜ್ಜಾದ್ ಅಲಿ, ಮೀರ್ ರೌಶನ್ ಅಲಿ ಇಬ್ಬರೂ ಜಹಗೀರುದಾರರು, ಇವರಿಗೆ ಬದುಕಿನಲ್ಲಿ ಯಾವುದಕ್ಕೂ ಕೊರತೆಯಿಲ್ಲ. ಅವಧ್ ರಾಜ್ಯ ಕುಸಿಯುತ್ತಿರುವಾಗ ಇವರು ಆಡುತ್ತಾ ಕೂತಿರುತ್ತಾರೆ. ಒಳಗೆ ಬೇಗಂಗೆ ತಲೆನೋವು. ದಾಸಿ ಮತ್ತೆ ಮತ್ತೆ ಬಂದು ಕರೆದರೂ ಮಿರ್ಜಾ ಏಳುವುದಿಲ್ಲ, ಎರಡು ನಡೆಯಲ್ಲಿ ಎದುರಾಳಿಗೆ ಮಾತ್ ಆಗಲಿದೆ. ಕೊನೆಗೆ ಬೇಗಂ ತಾನೇ ಬಂದು ಆಟವನ್ನೆಲ್ಲ ಚೆಲ್ಲಾಪಿಲ್ಲಿ ಮಾಡುತ್ತಾಳೆ. ಆಟ ಮೀರ್‌ನ ಮನೆಗೆ, ಅಲ್ಲಿಂದ ಗೋಮತಿಯ ಆಚೆಯ ಪಾಳು ಮಸೀದಿಗೆ ಸಾಗುತ್ತದೆ. ಕಂಪನಿಯ ಸೇನೆ ಬಂದು ನವಾಬನನ್ನು ಸೆರೆಹಿಡಿದು ಒಯ್ಯುತ್ತದೆ. ಇವರು ತಲೆಯೆತ್ತುವುದಿಲ್ಲ. ಕಡೆಗೆ ಒಂದು ನಡೆಯ ಬಗ್ಗೆ ಜಗಳ ಹತ್ತಿ, ಮನೆತನದ ಹಿರಿಯರವರೆಗೆ ಬೈದಾಡಿ, ಕತ್ತಿ ಹಿರಿದು ಇಬ್ಬರೂ ಸಾಯುತ್ತಾರೆ.

ಈ ಕಥೆಯನ್ನು ಶಾಲೆಯಲ್ಲಿ ಸೋಮಾರಿಗಳ ಕಥೆಯೆಂದು ಹೇಳಿಕೊಡುತ್ತಾರೆ. ಪ್ರೇಮಚಂದರು ಅಷ್ಟು ಸರಳವಾಗಿ ಬರೆದಿಲ್ಲ. ಇಬ್ಬರೂ ಹೇಡಿಗಳಲ್ಲ, ಅವರಲ್ಲಿ ಸ್ವಂತ ಶೌರ್ಯಕ್ಕೆ ಕೊರತೆಯಿರಲಿಲ್ಲ, ಸತ್ತುಹೋಗಿದ್ದದ್ದು ರಾಜ್ಯದ ಬಗೆಗಿನ ಕಾಳಜಿ ಎಂದು ಲೇಖಕರೇ ಸೂಚಿಸುತ್ತಾರೆ. ದಡ್ಡರೂ ಅಲ್ಲ, ಹತ್ತು ನಡೆ ಮುಂದಿನದನ್ನು ಲೆಕ್ಕ ಹಾಕಬಲ್ಲವರು. ಬುದ್ಧಿ, ಧೈರ್ಯ ಎರಡೂ ಇದ್ದು, ಎರಡನ್ನೂ ಅರವತ್ತನಾಲ್ಕು ಮನೆಗಳೊಳಗೆ ಸುರಿದುಬಿಟ್ಟರು. ಅಲ್ಲಿ ಬುದ್ಧಿವಂತರಾಗಿರಲು ಅವರು ಏನನ್ನೂ ಪಣಕ್ಕೆ ಇಡಬೇಕಾಗಿರಲಿಲ್ಲ. ಬೇಗಂಳ ತಲೆನೋವಿಗೆ ಎದ್ದು ಹೋಗಬೇಕಿತ್ತು, ನವಾಬನಿಗಾಗಿ ಜಹಗೀರು ಕಳೆದುಕೊಳ್ಳಬೇಕಾಗುತ್ತಿತ್ತು. ಮರದ ರಾಜನಿಗೆ ಅಂಥ ಖರ್ಚಿಲ್ಲ. ಫ್ರಾಂಕ್ಲಿನ್ ಹೇಳಿದ ಮುಂದಾಲೋಚನೆ ಇವರಿಗೆ ಚೆನ್ನಾಗಿಯೇ ಸಿದ್ಧಿಸಿತ್ತು, ಆದರೆ ಅದು ಮಣೆಯಿಂದ ಕೆಳಗಿಳಿಯಲಿಲ್ಲ. ಕೌಶಲ ತಾನಾಗಿ ಒಂದೆಡೆಯಿಂದ ಇನ್ನೊಂದೆಡೆಗೆ ಹರಿಯುವುದಿಲ್ಲ ಎಂದು ಪ್ರಯೋಗಾಲಯಗಳು ಕಂಡುಕೊಂಡದ್ದನ್ನು ಪ್ರೇಮಚಂದರು ಒಂದು ತಲೆನೋವಿನ ಮೂಲಕ ತೋರಿಸಿದ್ದರು.

ಆದರೂ ಕಥೆಯಲ್ಲೊಂದು ತೊಡಕು ನನಗೆ ಕಾಣುತ್ತದೆ. ಲಖನೌ ವಿಲಾಸದಲ್ಲಿ ಮುಳುಗಿತ್ತು, ಆದ್ದರಿಂದ ಬಿತ್ತು ಎಂಬ ಅದರ ಚೌಕಟ್ಟು, ಅವಧ್‌ನಲ್ಲಿ ದುರಾಡಳಿತವಿದೆ ಎಂದು ಕಂಪನಿ ಕೊಟ್ಟ ಕಾರಣಕ್ಕೆ ತೀರಾ ಹತ್ತಿರ. 1924ರಲ್ಲಿ ಅದು ದೇಶಭಕ್ತ ಲೇಖಕನೊಬ್ಬನ ಆತ್ಮವಿಮರ್ಶೆಯಾಗಿತ್ತು ನಿಜ. 1977ರಲ್ಲಿ ಸತ್ಯಜಿತ್ ರಾಯ್ ಇದನ್ನು ಸಿನಿಮಾ ಮಾಡಿದಾಗ ಜನರಲ್ ಔಟ್ರಮ್‌ನನ್ನೂ, ಮುರಿದ ಒಪ್ಪಂದಗಳನ್ನೂ, ಕವಿ-ಸಂಗೀತಗಾರನಾದ ವಾಜಿದ್ ಅಲಿ ಶಾಹನನ್ನೂ ತಂದು ನಿಲ್ಲಿಸಿ ಆ ಕೊರತೆ ತುಂಬಿದರು. ರಾಯ್ ಆಟಗಾರರನ್ನು ಸಾಯಿಸಲೂ ಇಲ್ಲ. ಸಿನಿಮಾದ ಕೊನೆಯಲ್ಲಿ ಅವರು ಮತ್ತೆ ಆಟಕ್ಕೆ ಕೂರುತ್ತಾರೆ, ಈ ಸಲ ಇಂಗ್ಲಿಷ್ ನಿಯಮಗಳಂತೆ. ಮಂತ್ರಿಯ ಜಾಗಕ್ಕೆ ರಾಣಿ ಬಂದಿದ್ದಾಳೆ. ಸಾವಿಗಿಂತ ಈ ಮುಕ್ತಾಯ ಹೆಚ್ಚು ಕ್ರೂರ. ನಿಯಮ ಬರೆಯುವವರು ಬದಲಾದರೂ ಆಡುವವರು ಆಡುತ್ತಲೇ ಇದ್ದಾರೆ.

ಇಲ್ಲಿ ಮೈಸೂರನ್ನು ನೆನೆಯದೆ ಇರಲಾಗದು. ಅವಧ್‌ಗಿಂತ ಇಪ್ಪತ್ತೈದು ವರ್ಷ ಮೊದಲು, 1831ರಲ್ಲಿ, ನಗರದ ದಂಗೆಯ ಬೆನ್ನಿಗೆ ದುರಾಡಳಿತದ ಕಾರಣ ಹೇಳಿಯೇ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು. ಈ ಮುಮ್ಮಡಿಯವರು ಚದುರಂಗದ ಮರುಳರು. ಕುದುರೆ ಮಣೆಯ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಬಂಧಗಳನ್ನು ರಚಿಸುವುದರಲ್ಲಿ ಅವರದು ಎತ್ತಿದ ಕೈ. ಅವರ ಹೆಸರಿನಲ್ಲಿರುವ ಒಂದು ಬಂಧದಲ್ಲಿ ಕುದುರೆಯ ನಡೆಗಳಿಗೆ 1ರಿಂದ 64ರವರೆಗೆ ಅಂಕಿ ಕೊಟ್ಟು ಕೂಡಿದರೆ ಅಡ್ಡಸಾಲು, ನೀಟಸಾಲು ಎಲ್ಲದರಲ್ಲೂ 260 ಬರುತ್ತದೆ. 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು.

ಮಿರ್ಜಾ-ಮೀರರ ಕಥೆ ಓದಿದವರಿಗೆ ಇಲ್ಲೊಂದು ಸಿದ್ಧ ತೀರ್ಪು ಕೈಗೆ ಸಿಗುತ್ತದೆ: ಆಟದಲ್ಲಿ ಮುಳುಗಿದ ಅರಸ ರಾಜ್ಯ ಕಳೆದುಕೊಂಡ. ಅದಕ್ಕೆ ಎದುರಾದ ತೀರ್ಪೂ ಅಷ್ಟೇ ಸುಲಭ. ಅಧಿಕಾರ ಹೋದ ಮೇಲೆ ಅವರು ಮೂವತ್ತಕ್ಕೂ ಹೆಚ್ಚು ವರ್ಷ ಬಿಡದೆ ಮನವಿ ಸಲ್ಲಿಸುತ್ತಾ ಬಂದರು. 1865ರಲ್ಲಿ ದತ್ತು ತೆಗೆದುಕೊಂಡರು. 1867ರಲ್ಲಿ ದತ್ತುಪುತ್ರನಿಗೆ ರಾಜ್ಯ ಮರಳಿಸುವ ಒಪ್ಪಿಗೆ ಬಂತು, 1868ರಲ್ಲಿ ಅವರು ತೀರಿಕೊಂಡರು, 1881ರಲ್ಲಿ ರಾಜ್ಯ ಮರಳಿತು. ಆದ್ದರಿಂದ ಚದುರಂಗದ ತಾಳ್ಮೆಯೇ ಮೈಸೂರನ್ನು ಉಳಿಸಿತು ಎಂದು ಒಬ್ಬರು ಬರೆಯಬಹುದು. ಎರಡೂ ಬರಹಗಳು ಓದಲು ಸೊಗಸಾಗಿಯೇ ಇರುತ್ತವೆ, ಎರಡಕ್ಕೂ ಸಾಕ್ಷ್ಯವಿಲ್ಲ. ಒಂದೇ ಆಟದ ಹುಚ್ಚು ಸೋಲಿಗೂ ಕಾರಣ, ಗೆಲುವಿಗೂ ಕಾರಣ ಎಂದು ಅಷ್ಟೇ ಸಲೀಸಾಗಿ ಹೇಳಬಹುದಾದರೆ, ಅದು ಯಾವುದಕ್ಕೂ ಕಾರಣವಾಗಿರಲಿಕ್ಕಿಲ್ಲ. ದತ್ತುಸಂತಾನದ ಬಗ್ಗೆ ಲಂಡನ್ನಿನ ಮನಸ್ಸು 1857ರ ದಂಗೆಯ ನಂತರ ಬದಲಾಗಿತ್ತು; ಕುದುರೆಯ ನಡೆಗೆ ಅದು ನಿಲುಕುವ ವಿಷಯವಾಗಿರಲಿಲ್ಲ.

ಈ ಕುದುರೆ ನಡೆ ನಮ್ಮ ಕಾವ್ಯಶಾಸ್ತ್ರಕ್ಕೂ ಗೊತ್ತು. ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟ ತನ್ನ 'ಕಾವ್ಯಾಲಂಕಾರ'ದಲ್ಲಿ ತುರಗಪದ ಬಂಧದ ಪದ್ಯ ಕೊಡುತ್ತಾನೆ. ಅಕ್ಷರಗಳನ್ನು ಕುದುರೆಯ ನಡೆಯಲ್ಲಿ ಓದಿದರೂ ಪದ್ಯ ಮುರಿಯುವುದಿಲ್ಲ. ಅದೇ ಶತಮಾನದ, ಅದೇ ಕಾಶ್ಮೀರದ ಆನಂದವರ್ಧನ ಇಂಥ ಚಿತ್ರಕಾವ್ಯವನ್ನು ಕಾವ್ಯವೆಂದು ಒಪ್ಪದೆ ಕಾವ್ಯದ ಅನುಕರಣೆ ಎಂದ. ರಚಿಸುವವನ ಕೌಶಲವನ್ನು ಅವನು ಅಲ್ಲಗಳೆದಿರಲಿಲ್ಲ. ಕೌಶಲ ಒಂದು, ಅದು ಮುಟ್ಟಬೇಕಾದ ಜೀವ ಇನ್ನೊಂದು ಎಂದು ಬೇರ್ಪಡಿಸಿದ್ದ. ಚದುರಂಗದ ಜಾಣತನವನ್ನು ಬದುಕಿನ ಜಾಣತನವೆಂದು ಓದುವ ನಮಗೂ ಈ ವಿವೇಕ ಬೇಕು.

ಈಗ ದಾಳದ ವಿಷಯ. ಪಂಪನಿಂದ ಕುಮಾರವ್ಯಾಸನವರೆಗೆ ನಮ್ಮ ಕವಿಗಳು ಬದುಕಿನ ಏಳುಬೀಳು ಹೇಳುವಾಗ ಮುಂದಿಟ್ಟುಕೊಂಡದ್ದು ದ್ಯೂತವನ್ನು. ಭಾರತದ ಕಥೆಯೇ ಹಾಗಿದೆ ಎನ್ನಬಹುದು. ಆದರೂ ಆ ಆಟ ಬದುಕಿಗೆ ಚದುರಂಗಕ್ಕಿಂತ ಹತ್ತಿರವಿದೆ ಎಂಬುದನ್ನು ಗಮನಿಸಬೇಕು. ಚದುರಂಗದಲ್ಲಿ ಎಲ್ಲವೂ ಕಣ್ಣೆದುರು ಇದೆ, ಇಬ್ಬರಿಗೂ ಸಮಬಲ, ಒಬ್ಬರಾದ ಮೇಲೆ ಒಬ್ಬರ ಸರದಿ. ದ್ಯೂತಸಭೆಯಲ್ಲಿ ಅದೃಷ್ಟವಿದೆ, ಮೋಸವಿದೆ, ಕರೆದಾಗ ಬರಲೇಬೇಕೆಂಬ ಕಟ್ಟುಪಾಡಿದೆ, ಸುಮ್ಮನೆ ಕೂತು ನೋಡುವ ಹಿರಿಯರಿದ್ದಾರೆ, ಆಡದೆಯೇ ಪಣವಾಗಿ ಸೋತವಳೊಬ್ಬಳಿದ್ದಾಳೆ. ಧರ್ಮರಾಯ ಸೋತದ್ದು ಬುದ್ಧಿಯಿಲ್ಲದೆ ಎಂದು ಯಾರೂ ಹೇಳಲಾರರು. ವ್ಯಾಸಭಾರತದಲ್ಲಿ ಇನ್ನೊಂದು ಸ್ವಾರಸ್ಯವಿದೆ. ವನವಾಸದಲ್ಲಿ ಬೃಹದಶ್ವ ಋಷಿ ನಳನ ಕಥೆ ಹೇಳಿ ಧರ್ಮರಾಯನಿಗೆ ಅಕ್ಷಹೃದಯ ಎಂಬ ದ್ಯೂತವಿದ್ಯೆಯನ್ನು ಕಲಿಸುತ್ತಾನೆ. ಆಮೇಲೆ ಧರ್ಮರಾಯ ಆಟದಲ್ಲಿ ನಿಪುಣ. ಆ ವಿದ್ಯೆ ಅವನಿಗೆ ವಿರಾಟನ ಆಸ್ಥಾನದಲ್ಲಿ ಕಂಕನೆಂಬ ಹೆಸರಿನಲ್ಲಿ ಹೊಟ್ಟೆಪಾಡಿಗೆ ಒದಗುತ್ತದೆ. ಹಸ್ತಿನಾವತಿಯನ್ನು ಮಾತ್ರ ಅದರಿಂದ ಮರಳಿ ಗೆಲ್ಲಲಾಗುವುದಿಲ್ಲ. ಆಟದಲ್ಲಿ ಸೋತ ರಾಜ್ಯ ಆಟದ ನೈಪುಣ್ಯದಿಂದ ಹಿಂದಿರುಗಲಿಲ್ಲ.

ಹಾಗಾಗಿ ರಾಜಕೀಯ ಚದುರಂಗದಲ್ಲಿ ದಾಳ ಉರುಳಿಸುವ ವರದಿಗಾರನನ್ನು ನೋಡಿ ನಾನೀಗ ನಗುವುದಿಲ್ಲ. ಬರೀ ಲೆಕ್ಕಾಚಾರ ಎಂದು ಬರೆಯಹೊರಟವನ ಕೈ ತನಗೆ ಅರಿವಿಲ್ಲದೆಯೇ ಅದೃಷ್ಟವನ್ನೂ ಸೇರಿಸಿಬಿಟ್ಟಿದೆ.

ಮೊನ್ನೆ ಮೆಸ್ಸಿನ ಅಣ್ಣನ ಜೊತೆ ಆಡುವಾಗ, ಆ ರಾತ್ರಿ ಸಾಲಿನಲ್ಲಿ ಆಡಿದ್ದ ಮಾತಿನ ಬಗ್ಗೆ ಕೊನೆಗೂ ಕೇಳಿದೆ. "ಕೇಳಿಸಿತ್ತು ಸಾರ್" ಅಂದರು, ಕಾಯಿಯಿಂದ ಕಣ್ಣು ತೆಗೆಯದೆ. ತಪ್ಪಾಯಿತು ಅಣ್ಣ ಅಂದೆ. "ಹಂಗೆಲ್ಲ ಏನಿಲ್ಲ ಬಿಡಿ. ಇಲ್ಲಿ ನಿಮಗೂ ಹದಿನಾರು ಕಾಯಿ, ನಂಗೂ ಹದಿನಾರು. ಅದಕ್ಕೇ ಗೆಲ್ತೀನಿ." ಸ್ವಲ್ಪ ಹೊತ್ತಾದ ಮೇಲೆ ಅವರೇ ಮತ್ತೆ ಮಾತಾಡಿದರು: "ನೀವು ಬರೀ ಕಾಯಿ ನೋಡ್ತೀರಿ ಸಾರ್. ಖಾಲಿ ಮನೆ ನೋಡಿ, ಯಾವುದಕ್ಕೆ ಯಾರು ಬರಬಹುದು ಅಂತ." ನೋಡಿದೆ. ತಡವಾಗಿತ್ತು. ಬಾಟಲಿ ಮುಚ್ಚಳದ ಆನೆ ನೇರ ಸಾಲಿನಲ್ಲಿ ಬಂದು ನನ್ನ ರಾಜನ ಪಕ್ಕದ ಮನೆಯಲ್ಲಿ ನಿಂತಿತ್ತು. ಅವರು ಗಡಿಯಾರ ನೋಡಿ, ಏಳೂವರೆಯಾಯಿತು, ಅನ್ನಕ್ಕೆ ಇಡಬೇಕು ಎಂದು ಎದ್ದರು.